ಗೋಡೆಯಿಂದ ಅಂಗಳಕ್ಕೆ: ನಂದಲಾಲ್ ಬೋಸ್ ಅವರ ಬದುಕು ಮತ್ತು ಕಲಾಭವನದ ಪ್ರದರ್ಶನ ಪರಂಪರೆ

ವಿಶ್ವವಿದ್ಯಾನಿಲಯವೊಂದರ ಕಲಾ ಗ್ಯಾಲರಿ ಯಾರಿಗಾಗಿ ಇರುತ್ತದೆ ಎಂಬುದು ಮೇಲ್ನೋಟಕ್ಕೆ ಸರಳವಾದ ಪ್ರಶ್ನೆ. ಚಿತ್ರಕಲೆಯ ವಿದ್ಯಾರ್ಥಿಗಳಿಗಾಗಿ, ಸಂಶೋಧಕರಿಗಾಗಿ, ಆಹ್ವಾನಿತ ಗಣ್ಯರಿಗಾಗಿ ಎಂಬ ಉತ್ತರಗಳು ಕೂಡಲೇ ದೊರೆಯುತ್ತವೆ. ಆದರೆ ಆವರಣದ ತೋಟದಲ್ಲಿ ಕೆಲಸ ಮಾಡುವ ಆಳಿಗೆ, ಪಕ್ಕದ ಊರಿನ ಕುಂಬಾರನಿಗೆ, ಸಂತೆಗೆ ಹೊರಟ ಹೆಂಗಸಿಗೆ ಆ ಕೋಣೆಯಲ್ಲಿ ಏನಾದರೂ ಇದೆಯೇ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಭಾರತದಲ್ಲಿ ಈ ಪ್ರಶ್ನೆಯನ್ನು ಸಿದ್ಧಾಂತದ ಮಟ್ಟದಲ್ಲಿ ಮಾತ್ರವಲ್ಲದೆ ಕ್ರಿಯೆಯ ಮಟ್ಟದಲ್ಲಿಯೂ ಎದುರಿಸಿದವರಲ್ಲಿ ನಂದಲಾಲ್ ಬೋಸ್ (1882–1966) ಪ್ರಮುಖರು. ಬಂಗಾಳ ಶೈಲಿಯ ಚಿತ್ರಕಾರರೆಂದು, ರಾಷ್ಟ್ರೀಯ ಚಳವಳಿಯ ಕಲಾವಿದರೆಂದು ಅವರನ್ನು ಗುರುತಿಸುವುದು ರೂಢಿ. ಪ್ರಸ್ತುತ ಲೇಖನವು ಅವರ ಬದುಕನ್ನು ಮತ್ತೊಂದು ದಿಕ್ಕಿನಿಂದ, ಅಂದರೆ ಪ್ರದರ್ಶನವೆಂಬ ಕಲ್ಪನೆಯನ್ನೇ ಬದಲಿಸಲು ಯತ್ನಿಸಿದ ಶಿಕ್ಷಕನ ಬದುಕಾಗಿ ಅವಲೋಕಿಸುತ್ತದೆ.

1. ಆರಂಭದ ದಿನಗಳು

ನಂದಲಾಲರು 1882ರ ಡಿಸೆಂಬರ್ 3ರಂದು ಬಿಹಾರದ ಮುಂಗೇರ್ ಜಿಲ್ಲೆಯ ಖಡಗ್‌ಪುರದಲ್ಲಿ ಜನಿಸಿದರು. ತಂದೆ ಪೂರ್ಣಚಂದ್ರ ಬೋಸರು ದರ್ಭಾಂಗ ಸಂಸ್ಥಾನದ ಸೇವೆಯಲ್ಲಿದ್ದರು. ತಾಯಿ ಕ್ಷೇತ್ರಮಣಿ ದೇವಿಯವರು ಬೊಂಬೆ, ಆಟಿಕೆಗಳನ್ನು ಮಾಡುವುದರಲ್ಲಿ ಕೈಚಳಕವಿದ್ದವರು. ಊರಿನ ಕುಂಬಾರರು ಹಬ್ಬಗಳಿಗಾಗಿ ಮಣ್ಣಿನ ಮೂರ್ತಿಗಳನ್ನು ಮಾಡುವುದನ್ನು ನೋಡುತ್ತ ಬಾಲಕ ಬೆಳೆದನು. ಹಬ್ಬಕ್ಕೆಂದು ಮೂಡಿ, ಹಬ್ಬ ಮುಗಿದೊಡನೆ ನೀರಿಗೆ ಸೇರುವ ಆ ಮೂರ್ತಿಗಳೇ ಅವರು ಕಂಡ ಮೊದಲ ಪ್ರದರ್ಶನವೆನ್ನಬಹುದು. ಅಲ್ಲಿ ನೋಡುವವರು, ಮಾಡುವವರು, ಪೂಜಿಸುವವರು ಎಂಬ ಗೆರೆಗಳು ಸ್ಪಷ್ಟವಾಗಿರಲಿಲ್ಲ.

ಶಾಲಾ ಶಿಕ್ಷಣಕ್ಕಾಗಿ ಕಲ್ಕತ್ತೆಗೆ ಬಂದ ನಂದಲಾಲರಿಗೆ ಕಾಲೇಜಿನ ಪರೀಕ್ಷೆಗಳು ಒಲಿಯಲಿಲ್ಲ. 1903ರಲ್ಲಿ ಸುಧೀರಾ ದೇವಿಯವರೊಡನೆ ವಿವಾಹವಾಯಿತು. ಸಂಸಾರದ ಹೊಣೆ ಹೆಗಲೇರಿದ ಮೇಲೆಯೂ ಓದು ದಡ ಸೇರದಿರುವುದು ಮನೆಯವರಿಗೆ ಚಿಂತೆಯ ವಿಷಯವಾಗಿತ್ತು. 1905ರ ಸುಮಾರಿಗೆ ಅವರು ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ಇ. ಬಿ. ಹ್ಯಾವೆಲ್ ಅವರು ಪ್ರಾಂಶುಪಾಲರಾಗಿದ್ದ ಆ ಶಾಲೆಯಲ್ಲಿ ಐರೋಪ್ಯ ಮಾದರಿಗಳ ನಕಲಿನ ಬದಲು ಮೊಘಲ್, ರಾಜಪೂತ ಹಾಗೂ ಅಜಂತೆಯ ಪರಂಪರೆಗಳತ್ತ ಕಣ್ಣು ಹೊರಳಿಸುವ ಕೆಲಸ ಆಗ ನಡೆದಿತ್ತು.

2. ಬಹುಮಾನ, ಅಜಂತೆ ಮತ್ತು ಮೈಸೂರಿನ ಸಹಪಾಠಿ

1907ರಲ್ಲಿ ಸ್ಥಾಪಿತವಾದ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ಮರುವರ್ಷ ಏರ್ಪಡಿಸಿದ ಪ್ರದರ್ಶನದಲ್ಲಿ ನಂದಲಾಲರ ‘ಶಿವ-ಸತಿ’ ಚಿತ್ರಕ್ಕೆ 500 ರೂಪಾಯಿಗಳ ಬಹುಮಾನ ದೊರೆಯಿತು. ಆ ಕಾಲಕ್ಕೆ ಇದು ಸಣ್ಣ ಮೊತ್ತವಲ್ಲ. ಆ ಹಣ ಅವರ ದೇಶಸಂಚಾರಕ್ಕೆ ಒದಗಿತು. ಗಯೆ, ಕಾಶಿ, ಆಗ್ರಾ, ಮಥುರೆಗಳ ಶಿಲ್ಪ ಮತ್ತು ವಾಸ್ತುವನ್ನು ಕಣ್ಣಾರೆ ಕಂಡ ಈ ಪ್ರವಾಸ ಅವರ ಎರಡನೆಯ ಶಾಲೆಯಾಯಿತು. ಕಲ್ಕತ್ತೆಯ ಉಳ್ಳವರ ಮುಂದೆ ನಡೆದ ಪ್ರದರ್ಶನವೊಂದು, ಪ್ರದರ್ಶನಶಾಲೆಯ ಹೊರಗಿನ ಕಲೆಯತ್ತ ಅವರನ್ನು ಕಳುಹಿಸಿತೆಂಬುದು ಗಮನಾರ್ಹ.

1909–11ರ ಅವಧಿಯಲ್ಲಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಅವರು ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡುವ ಕಾರ್ಯ ಕೈಗೊಂಡರು. ಸೋದರಿ ನಿವೇದಿತಾ ಅವರ ಪ್ರೇರಣೆಯಿಂದ ನಂದಲಾಲ್, ಅಸಿತಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಹಾಗೂ ಕೆ. ವೆಂಕಟಪ್ಪ ಅವರು ನೆರವಿಗೆ ಹೋದರು. ಮೈಸೂರು ಅರಮನೆಯ ಆಶ್ರಯದಲ್ಲಿ ಕಲ್ಕತ್ತೆಗೆ ಕಲಿಯಲು ಹೋಗಿದ್ದ ವೆಂಕಟಪ್ಪನವರು (1886–1965) ನಂದಲಾಲರಂತೆಯೇ ಅವನೀಂದ್ರರ ಶಿಷ್ಯರು. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಹೆಸರಿನಲ್ಲಿ 1913ರಲ್ಲಿ ಪ್ರಕಟವಾದ ಹಿಂದೂ-ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ಈ ಇಬ್ಬರ ಚಿತ್ರಗಳೂ ಸೇರಿವೆ. ಒಂದೇ ಗುರುವಿನ ಈ ಇಬ್ಬರು ಶಿಷ್ಯರು ಮುಂದೆ ಹಿಡಿದ ದಾರಿಗಳು ಬೇರೆಯಾದವು. ಆ ಭೇದವನ್ನು ಲೇಖನದ ಕೊನೆಯಲ್ಲಿ ಪರಿಶೀಲಿಸಲಾಗುವುದು.

ಅಜಂತೆ ನಂದಲಾಲರಿಗೆ ಕೇವಲ ರೇಖೆಯ ಪಾಠವಾಗಿರಲಿಲ್ಲ. ಚೌಕಟ್ಟಿನಲ್ಲಿ ಕೂಡಿಸಿ, ಕೊಂಡು, ಮನೆಗೆ ಒಯ್ಯಬಹುದಾದ ಚಿತ್ರವೊಂದೇ ಚಿತ್ರವಲ್ಲ. ಜನ ವಾಸಿಸುವ, ಧ್ಯಾನಿಸುವ, ಸೇರುವ ಸ್ಥಳದ ಗೋಡೆಯೇ ಚಿತ್ರವಾಗಬಲ್ಲದು ಎಂಬ ಅರಿವು ಅಲ್ಲಿ ಗಟ್ಟಿಯಾಯಿತು. 1921ರಲ್ಲಿ ಗ್ವಾಲಿಯರ್ ಸಂಸ್ಥಾನಕ್ಕಾಗಿ ಬಾಘ್ ಗುಹೆಗಳ ಚಿತ್ರಗಳನ್ನು ಪ್ರತಿ ಮಾಡಿದಾಗ ಈ ಅರಿವು ಮತ್ತಷ್ಟು ಬಲಗೊಂಡಿತು.

3. ಕಲಾಭವನ: ಆವರಣವೇ ಗ್ಯಾಲರಿ

ರವೀಂದ್ರನಾಥ ಟಾಗೋರರು ಶಾಂತಿನಿಕೇತನದಲ್ಲಿ 1919ರಲ್ಲಿ ಕಲಾಭವನವನ್ನು ಆರಂಭಿಸಿದರು. ವಿಶ್ವಭಾರತಿ ವಿಧ್ಯುಕ್ತವಾಗಿ ಸ್ಥಾಪನೆಯಾದದ್ದು 1921ರಲ್ಲಿ. ಅಂದರೆ ಈ ವಿದ್ಯಾಸಂಸ್ಥೆಯಲ್ಲಿ ಕಲೆ ನಂತರ ಬಂದು ಸೇರಿದ ವಿಭಾಗವಲ್ಲ, ಬುನಾದಿಯ ಕಲ್ಲು. 1922ರಲ್ಲಿ ಕಲಾಭವನದ ಮುಖ್ಯಸ್ಥರಾದ ನಂದಲಾಲರು 1951ರವರೆಗೆ ಆ ಹೊಣೆ ಹೊತ್ತರು. ವಿದ್ಯಾರ್ಥಿಗಳು ಅವರನ್ನು ‘ಮಾಸ್ಟರ್‌ಮೊಶಾಯ್’ ಎಂದೇ ಕರೆಯುತ್ತಿದ್ದರು.

ಕಲಾಭವನದ ಸಂಗ್ರಹಾಲಯ ಮತ್ತು ಪ್ರದರ್ಶನಾಲಯಕ್ಕೆ ‘ನಂದನ್’ ಎಂಬ ಹೆಸರಿದೆ. ಗುರು-ಶಿಷ್ಯರ ಕೃತಿಗಳು, ಗುಹಾಚಿತ್ರಗಳ ಪ್ರತಿಗಳು, ಪೂರ್ವ ಏಷ್ಯದ ಚಿತ್ರಗಳು, ಜನಪದ ಕರಕುಶಲ ವಸ್ತುಗಳು ಅಲ್ಲಿ ಜೊತೆಯಾಗಿ ಸೇರಿದವು. 1924ರಲ್ಲಿ ರವೀಂದ್ರರೊಡನೆ ಚೀನ ಮತ್ತು ಜಪಾನುಗಳಿಗೆ ಹೋದ ಪ್ರವಾಸ ನಂದಲಾಲರ ದೃಷ್ಟಿಯನ್ನು ವಿಸ್ತರಿಸಿತ್ತು. ವಿಯೆನ್ನಾದಿಂದ ಬಂದ ಸ್ಟೆಲ್ಲಾ ಕ್ರಾಮ್‌ರಿಷ್ 1920ರ ದಶಕದ ಆರಂಭದಲ್ಲಿ ಇಲ್ಲಿ ಕಲೆಯ ಇತಿಹಾಸವನ್ನು ಬೋಧಿಸಿದರು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಕಲಾವಿದರ ಕೃತಿಗಳ ಪ್ರದರ್ಶನ ನಡೆದುದರ ಹಿಂದೆಯೂ ಅವರ ಪಾತ್ರವಿತ್ತು. ಹೊರಗಿನ ಕಲೆಗೆ ಬಾಗಿಲು ಮುಚ್ಚಿದ ಸ್ವದೇಶಿ ಶಾಲೆಯೆಂದು ಕಲಾಭವನವನ್ನು ಭಾವಿಸುವುದು ಇದರಿಂದ ತಪ್ಪಾಗುತ್ತದೆ.

ಆದರೆ ನಂದಲಾಲರಿಗೆ ಗ್ಯಾಲರಿಯ ಕೋಣೆ ಸಾಲಲಿಲ್ಲ. ಅವರ ಕಾಲದಲ್ಲಿ ಇಡೀ ಆವರಣವೇ ಪ್ರದರ್ಶನಾಲಯವಾಗಿ ಬೆಳೆದುದಕ್ಕೆ ಕೆಲವು ನಿದರ್ಶನಗಳನ್ನು ಗಮನಿಸಬಹುದು. 1930ರ ದಶಕದಲ್ಲಿ ವಿದ್ಯಾರ್ಥಿಗಳ ವಸತಿಗೆಂದು ಕಟ್ಟಿದ ‘ಕಾಲೊ ಬಾಡಿ’ ಎಂಬ ಮಣ್ಣಿನ ಮನೆಯ ಹೊರಗೋಡೆಗಳ ಮೇಲೆ ಗುರು-ಶಿಷ್ಯರು ಉಬ್ಬುಶಿಲ್ಪಗಳನ್ನು ರಚಿಸಿ ಡಾಂಬರಿನ ಲೇಪ ಕೊಟ್ಟರು. ಭಾರಹುತ, ಮಹಾಬಲಿಪುರ, ಈಜಿಪ್ಟ್ ಮೊದಲಾದ ಶಿಲ್ಪಪರಂಪರೆಗಳ ಮಾದರಿಗಳು ಅಲ್ಲಿವೆ. ಕಲೆಯ ಇತಿಹಾಸದ ಪಠ್ಯವು ಹೀಗೆ ಹಾಸ್ಟೆಲಿನ ಗೋಡೆಗೇ ಅಂಟಿಕೊಂಡಿತು. ಅವರ ಶಿಷ್ಯ ರಾಮಕಿಂಕರ ಬೈಜ್ 1938ರಲ್ಲಿ ‘ಸಂತಾಲ ಕುಟುಂಬ’ ಶಿಲ್ಪವನ್ನು ಬಯಲಿನಲ್ಲಿಯೇ ನಿಲ್ಲಿಸಿದರು. ಮತ್ತೊಬ್ಬ ಶಿಷ್ಯ ವಿನೋದಬಿಹಾರಿ ಮುಖರ್ಜಿ 1946–47ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದರು. ಹಿಂದಿ ಭಾಷೆ-ಸಾಹಿತ್ಯದ ಅಧ್ಯಯನಕ್ಕೆ ಮೀಸಲಾದ ಕಟ್ಟಡದಲ್ಲಿ ಭಕ್ತಕವಿಗಳೇ ಓದುವವರ ತಲೆಯ ಮೇಲೆ ನಡೆದಾಡುವಂತಾದುದು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಪ್ರದರ್ಶನವನ್ನು ಉತ್ಸವದೊಡನೆ ಬೆಸೆದುದು ಇನ್ನೊಂದು ಮುಖ್ಯ ಹೆಜ್ಜೆ. 1928ರಲ್ಲಿ ಆರಂಭವಾದ ವೃಕ್ಷಾರೋಪಣ ಮತ್ತು ಹಲಕರ್ಷಣ ಉತ್ಸವಗಳಿಗೆ, ರವೀಂದ್ರರ ನೃತ್ಯನಾಟಕಗಳಿಗೆ ವೇದಿಕೆ, ವೇಷಭೂಷಣ, ನೆಲದ ಅಲಂಕಾರಗಳನ್ನು ಕಲಾಭವನವೇ ರೂಪಿಸುತ್ತಿತ್ತು. ಬಂಗಾಳದ ಹೆಣ್ಣುಮಕ್ಕಳ ಆಲ್ಪನಾ, ಅಂದರೆ ನಮ್ಮ ರಂಗವಲ್ಲಿಯನ್ನು ಹೋಲುವ ನೆಲಚಿತ್ರ, ಇಲ್ಲಿ ಪಠ್ಯದ ವಿಷಯವಾಯಿತು. ಅದನ್ನು ಬಲ್ಲ ಸುಕುಮಾರಿ ದೇವಿಯವರಿಗೆ ಕಲಾಭವನದಲ್ಲಿ ಸ್ಥಾನ ದೊರೆಯಿತು. ನಂದಲಾಲರ ಮಗಳು ಗೌರಿ ಆ ಪರಂಪರೆಯನ್ನು ಮುಂದುವರಿಸಿದರು. ಇದೇ ಗೌರಿ ರವೀಂದ್ರರ ‘ನಟಿರ್ ಪೂಜಾ’ ನಾಟಕದಲ್ಲಿ ನರ್ತಿಸಿದ್ದರು. ಆ ನಾಟಕವೇ 1942ರಲ್ಲಿ ಚೀನಾ ಭವನದ ಗೋಡೆಯ ಮೇಲೆ ನಂದಲಾಲರ ಭಿತ್ತಿಚಿತ್ರವಾಗಿ ಮೂಡಿತು. ಒಂದು ಸಂಜೆಗೆ ಮುಗಿದುಹೋದ ಪ್ರಯೋಗ ಹೀಗೆ ಗೋಡೆಗೆ ಇಳಿಯಿತು. ಮರುದಿನ ಅಳಿಸಿಹೋಗುವ ನೆಲಚಿತ್ರಕ್ಕೂ ತರಗತಿಯಲ್ಲಿ ಮರ್ಯಾದೆ ದೊರೆಯಿತು.

4. ಲಖನೌದಿಂದ ಹರಿಪುರಕ್ಕೆ

ಕಲಾಭವನದ ಅಂಗಳದಲ್ಲಿ ಪಳಗಿದ ಈ ಕ್ರಮ ದೇಶದ ದೊಡ್ಡ ಅಂಗಳಕ್ಕೆ ಬಂದದ್ದು ಕಾಂಗ್ರೆಸ್ ಅಧಿವೇಶನಗಳ ಮೂಲಕ. 1930ರ ದಂಡಿಯಾತ್ರೆಯ ಸಂದರ್ಭದಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯವರನ್ನು ಲಿನೋ ಅಚ್ಚಿನಲ್ಲಿ ಮೂಡಿಸಿದ್ದ ನಂದಲಾಲರಿಗೆ ಗಾಂಧೀಜಿಯವರು 1936ರ ಲಖನೌ ಅಧಿವೇಶನದ ಕಲಾಪ್ರದರ್ಶನವನ್ನು ವಹಿಸಿದರು. ಭಾರತೀಯ ಕಲೆಯ ಇತಿಹಾಸವನ್ನು ಪರಿಚಯಿಸುವ ಆ ಪ್ರದರ್ಶನ ಇನ್ನೂ ಗ್ಯಾಲರಿಯ ಕ್ರಮದಲ್ಲಿಯೇ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಹಳ್ಳಿಯೊಂದರಲ್ಲಿ ನಡೆದ ಮೊದಲ ಅಧಿವೇಶನವಾದ ಫೈಜ್‌ಪುರಕ್ಕೆ ಬರುವ ವೇಳೆಗೆ ಕ್ರಮ ಬದಲಾಯಿತು. ಬಿದಿರು, ಹುಲ್ಲು ಮೊದಲಾದ ಸ್ಥಳೀಯ ಸಾಮಗ್ರಿಗಳಿಂದಲೇ ಅಧಿವೇಶನದ ನಗರಿ ಅಲಂಕೃತವಾಯಿತು.

1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರದಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನಡೆದ ಅಧಿವೇಶನ ಈ ಪ್ರಯೋಗದ ಶಿಖರ. ದಾರಿಯಲ್ಲಿ ನಡೆಯುತ್ತಿರುವ ಹಳ್ಳಿಗನಿಗೂ ಚಿತ್ರ ಕಾಣಬೇಕೆಂಬುದು ಗಾಂಧೀಜಿಯವರ ಆಶಯ. ನಂದಲಾಲರು ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಿಂದ, ಪಟಚಿತ್ರಗಾರರ ವೇಗದ ಕುಂಚಗತಿಯಲ್ಲಿ ಎಂಬತ್ತಕ್ಕೂ ಹೆಚ್ಚು ಫಲಕಗಳನ್ನು ರಚಿಸಿದರು. ಶಿಷ್ಯರು ಮಾಡಿದ ಪ್ರತಿಗಳೂ ಸೇರಿ ಒಟ್ಟು ಸಂಖ್ಯೆ ಸುಮಾರು 400ಕ್ಕೆ ಏರಿತು. ಮೋಚಿ, ಬಡಗಿ, ಡೋಲು ಬಾರಿಸುವವನು, ಗೂಳಿ ಪಳಗಿಸುವವನು, ಮಗುವನ್ನೆತ್ತಿದ ತಾಯಿ – ಹೀಗೆ ದಾರಿಯಲ್ಲಿ ನಡೆಯುವವರೇ ದಾರಿಬದಿಯ ಚಿತ್ರಗಳಲ್ಲಿದ್ದರು. ಮೂಲ ಯಾವುದು, ಪ್ರತಿ ಯಾವುದು ಎಂಬ ಗ್ಯಾಲರಿಯ ಚಿಂತೆಗೆ ಇಲ್ಲಿ ಮಹತ್ವವಿರಲಿಲ್ಲ.

ಈ ಚಿತ್ರಗಳು ಹಳ್ಳಿಯ ಬದುಕನ್ನು ಅದರ ಹಸಿವು, ಸಾಲ, ಜಾತಿಯ ನೋವುಗಳಿಲ್ಲದೆ ಸುಂದರಗೊಳಿಸಿದವೆಂಬ ಆಕ್ಷೇಪವನ್ನು ಎತ್ತಬಹುದು. ಆಕ್ಷೇಪ ನಿರಾಧಾರವಲ್ಲ. 1943ರ ಬಂಗಾಳದ ಕ್ಷಾಮವನ್ನು ಚಿತ್ತಪ್ರಸಾದ್, ಜೈನುಲ್ ಅಬೇದಿನ್ ಮೊದಲಾದ ಕಿರಿಯರು ಬೀದಿಯ ಹೆಣಗಳನ್ನು ಕಂಡಂತೆಯೇ ಬರೆದು ತೋರಿಸಿದರು. ನಂದಲಾಲರು ಅದೇ ವರ್ಷ ಅನ್ನಪೂರ್ಣೆಯ ಮುಂದೆ ಅಸ್ಥಿಪಂಜರವಾದ ಶಿವನನ್ನು ನಿಲ್ಲಿಸಿದರು. ಪುರಾಣದ ಭಾಷೆಯನ್ನು ಅವರು ಬಿಡಲಿಲ್ಲ. ಆದರೆ ಆ ಭಾಷೆಯೊಳಗೆ ಹಸಿವಿಗೆ ಜಾಗ ಮಾಡಿದರು. ಅವರ ಶಕ್ತಿ ಮತ್ತು ಮಿತಿಗಳೆರಡೂ ಈ ಚಿತ್ರದಲ್ಲಿ ಒಟ್ಟಿಗೆ ಕಾಣುತ್ತವೆ.

5. ಕೊನೆಯ ವರ್ಷಗಳು ಮತ್ತು ನಂದನ ಮೇಳ

ಸ್ವತಂತ್ರ ಭಾರತದ ಸಂವಿಧಾನದ ಹಸ್ತಪ್ರತಿಯನ್ನು ಚಿತ್ರಾಲಂಕಾರಗೊಳಿಸುವ ಕಾರ್ಯವನ್ನು ನಂದಲಾಲರು ಶಿಷ್ಯರ ಬಳಗದೊಡನೆ ನೆರವೇರಿಸಿದರು. ಅದರ 22 ಭಾಗಗಳ ಆರಂಭದಲ್ಲಿಯೂ ದೇಶದ ಇತಿಹಾಸದ ಚಿತ್ರಗಳಿವೆ. ಇಲ್ಲಿಯೂ ಅವರು ಒಂಟಿ ಕಲಾವಿದರಾಗಿರದೆ ಬಳಗದ ಹಿರಿಯರಾಗಿದ್ದರು. 1951ರಲ್ಲಿ, ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾನಿಲಯವಾದ ವರ್ಷವೇ ಅವರು ನಿವೃತ್ತರಾದರು. 1954ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಅಂಚೆ ಕಾರ್ಡಿನ ಅಳತೆಯ ಕಾಗದಗಳ ಮೇಲೆ ಚಿತ್ರ ಬರೆದು ಶಿಷ್ಯರಿಗೆ, ಸ್ನೇಹಿತರಿಗೆ ಕಳುಹಿಸುವುದು ಅವರ ಅಭ್ಯಾಸವಾಗಿತ್ತು. 1966ರ ಏಪ್ರಿಲ್ 16ರಂದು ಅವರು ನಿಧನರಾದರು.

ಅವರ ಮರಣಾನಂತರ ಕಲಾಭವನದಲ್ಲಿ ರೂಪುಗೊಂಡ ಸ್ಮಾರಕ ವಿಶಿಷ್ಟವಾದುದು. 1973ರಲ್ಲಿ ಆರಂಭವಾದ ನಂದನ ಮೇಳವು ಅವರ ಹುಟ್ಟುಹಬ್ಬಕ್ಕೆ ಮುನ್ನ, ಡಿಸೆಂಬರ್ 1 ಮತ್ತು 2ರಂದು, ಕಲಾಭವನದ ಅಂಗಳದಲ್ಲಿ ನಡೆಯುವ ಸಂಪ್ರದಾಯವಾಯಿತು. ಶಿಕ್ಷಕರು, ವಿದ್ಯಾರ್ಥಿಗಳು ತಾವು ಮಾಡಿದ ಚಿತ್ರ, ಅಚ್ಚು, ಮಣ್ಣಿನ ಪಾತ್ರೆ, ಒಡವೆ, ಕಾರ್ಡುಗಳನ್ನು ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಮಾರುತ್ತಾರೆ. ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿನ ನಿಧಿಗೆ ಸೇರುತ್ತದೆ. ಈ ಮೇಳ ಆರಂಭವಾದಾಗ ಕಲಾಭವನದ ಪ್ರಾಂಶುಪಾಲರಾಗಿದ್ದವರು ಧಾರವಾಡದಲ್ಲಿ ಜನಿಸಿದ ದಿನಕರ ಕೌಶಿಕರು (1918–2011). ನಂದಲಾಲರ ಶಿಷ್ಯರಾಗಿದ್ದ ಅವರು ಮುಂದೆ ಗುರುವಿನ ಜೀವನಚರಿತ್ರೆಯನ್ನೂ ಬರೆದರು. ಕರ್ನಾಟಕದ ಕಲಾ ಇತಿಹಾಸದ ಬರವಣಿಗೆಯಲ್ಲಿ ಈ ಸಂಬಂಧಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಲ್ಲಬೇಕಾಗಿದೆ.

6. ಸಮಾರೋಪ

ಈಗ ಸಹಪಾಠಿ ವೆಂಕಟಪ್ಪನವರತ್ತ ಮರಳಬಹುದು. ಮೈಸೂರಿಗೆ ಹಿಂದಿರುಗಿದ ಅವರು ಏಕಾಂತದಲ್ಲಿ ಸಾಧನೆ ಮಾಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಪರಿಪೂರ್ಣತೆಗಾಗಿ ತಪಿಸಿದರು, ಕೃತಿಗಳನ್ನು ಕೈಬಿಡಲು ಸುಲಭವಾಗಿ ಒಪ್ಪಲಿಲ್ಲ. ಅವರ ಹೆಸರಿನ ಕಲಾ ಗ್ಯಾಲರಿ ಬೆಂಗಳೂರಿನಲ್ಲಿ ತೆರೆದದ್ದು ಅವರ ಮರಣಾನಂತರ, 1970ರ ದಶಕದಲ್ಲಿ. ನಂದಲಾಲರು ಅಳಿಯುವ ಮಾಧ್ಯಮಗಳಲ್ಲಿ, ಶಿಷ್ಯರ ಕೈಗಳಲ್ಲಿ, ಉತ್ಸವಗಳ ಗದ್ದಲದಲ್ಲಿ ತಮ್ಮನ್ನು ಹಂಚಿಕೊಂಡರು. ಒಬ್ಬರದು ಕಾಪಾಡುವ ದಾರಿ, ಇನ್ನೊಬ್ಬರದು ಹಂಚುವ ದಾರಿ. ಯಾವುದು ಮೇಲೆಂದು ತೀರ್ಮಾನಿಸುವುದು ಇಲ್ಲಿನ ಉದ್ದೇಶವಲ್ಲ. ವಿಶ್ವವಿದ್ಯಾನಿಲಯದ ಗ್ಯಾಲರಿಗೆ ಈ ಎರಡೂ ಬೇಕು.

ಆದರೆ ಹಂಚುವ ದಾರಿಗೂ ತನ್ನದೇ ವೈರುಧ್ಯವಿದೆ. ಹರಿಪುರದ ದಾರಿಬದಿಯಲ್ಲಿದ್ದ ಫಲಕಗಳು ಈಗ ಅಮೂಲ್ಯ ಸಂಗ್ರಹ. 1970ರ ದಶಕದಲ್ಲಿ ಸರ್ಕಾರ ನಂದಲಾಲರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಘೋಷಿಸಿತು. ಅವರ 6,000ಕ್ಕೂ ಹೆಚ್ಚು ಕೃತಿಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹ ಸೇರಿದವು. 2019ರ ವೆನಿಸ್ ಬಿನಾಲೆಯಲ್ಲಿ ಹರಿಪುರದ ಫಲಕಗಳು ಭಾರತದ ಮಂಟಪದಲ್ಲಿ ತೂಗಿದವು. 2023ರಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂಗಳಕ್ಕೆ ಇಳಿದ ಕಲೆ ಮತ್ತೆ ಗೋಡೆಗೆ, ಗಾಜಿನ ಹಿಂದಕ್ಕೆ ಮರಳಿತು. ಇದು ಗೌರವವೂ ಹೌದು, ನಷ್ಟವೂ ಹೌದು.

ಈ ನಷ್ಟವನ್ನು ತುಂಬಿಕೊಡುವ ಶಕ್ತಿ ಇರುವುದು ಹಳೆಯ ಫಲಕಗಳಲ್ಲಲ್ಲ, ಪ್ರತಿವರ್ಷ ಹೊಸದಾಗಿ ಮಾಡುವ ಕ್ರಿಯೆಯಲ್ಲಿ. ಮೇಳದಲ್ಲಿ ವಿದ್ಯಾರ್ಥಿಯೊಬ್ಬ ತಾನೇ ಮಾಡಿದ ಪುಟ್ಟ ಮಣ್ಣಿನ ಬಟ್ಟಲನ್ನು ಮತ್ತೊಬ್ಬ ವಿದ್ಯಾರ್ಥಿಯ ಔಷಧದ ಖರ್ಚಿಗಾಗಿ ಮಾರುವಾಗ ನಂದಲಾಲರ ಪ್ರದರ್ಶನ ಮುಂದುವರಿಯುತ್ತದೆ. ಕಲೆಯ ವಿಭಾಗಗಳಿರುವ, ಜಾನಪದ ವಸ್ತುಸಂಗ್ರಹಗಳಿರುವ ನಮ್ಮ ವಿಶ್ವವಿದ್ಯಾನಿಲಯಗಳು ತಮ್ಮ ಕೋಣೆಗಳ ಬೀಗದ ಕೈ ಯಾರ ಬಳಿ ಇರಬೇಕೆಂದು ಯೋಚಿಸುವಾಗ ಈ ಬದುಕು ಒಂದು ಆಕರವಾಗಬಲ್ಲದು.