ಅರಿಯದಿರುವ ಹಕ್ಕು

2005ರ ಮಾಹಿತಿ ಹಕ್ಕು ಕಾಯಿದೆ ಬಂದಾಗ ನಾನು ಸರ್ಕಾರಿ ಸೇವೆಯಲ್ಲಿದ್ದೆ. ಅರ್ಥಶಾಸ್ತ್ರ ಓದಿದ್ದ ನನಗೆ, ಮಾಹಿತಿ ಹೆಚ್ಚಿದಷ್ಟೂ ನಿರ್ಧಾರ ಉತ್ತಮವಾಗುತ್ತದೆ ಎಂಬುದರಲ್ಲಿ ಸಂಶಯವಿರಲಿಲ್ಲ. ಅಮೆರಿಕದ ಜನಪದ ಗಾಯಕ ವುಡಿ ಗಥ್ರಿಯವರ ಜೀವನವನ್ನು ಓದಿದ ಮೇಲೆ ಆ ನಂಬಿಕೆ ಸಡಿಲಗೊಂಡಿದೆ.

ಗಥ್ರಿ ಜನಿಸಿದ್ದು 1912ರಲ್ಲಿ, ಒಕ್ಲಹೋಮ ರಾಜ್ಯದ ಒಕೀಮಾ ಎಂಬ ಊರಿನಲ್ಲಿ. ಅವರು ಹದಿಹರೆಯದಲ್ಲಿದ್ದಾಗ ಮಾನಸಿಕ ಆಸ್ಪತ್ರೆಗೆ ಸೇರಿದ ತಾಯಿ ನೋರಾ ಮನೆಗೆ ಮರಳಲಿಲ್ಲ. ಆಕೆಯನ್ನು ಕಾಡಿದ್ದು ಹಂಟಿಂಗ್ಟನ್ ಕಾಯಿಲೆ. 1930ರ ದಶಕದ ಧೂಳಿನ ಬಿರುಗಾಳಿಗೆ ನೆಲೆ ಕಳೆದುಕೊಂಡ ರೈತರ, ವಲಸೆ ಕೂಲಿಗಳ ಬವಣೆಯನ್ನು ಹಾಡಾಗಿಸಿ ಗಥ್ರಿ ಮನೆಮಾತಾದರು. ಆದರೆ 40ರ ದಶಕದ ಕೊನೆಯ ಹೊತ್ತಿಗೆ ಅವರ ನಡೆನುಡಿ ಹದ ತಪ್ಪತೊಡಗಿತು. ಕುಡಿತವೆಂದರು, ಮನೋರೋಗವೆಂದರು. ತಾಯಿಯ ಕಾಯಿಲೆಯೇ ಮಗನಿಗೂ ಬಂದಿದೆಯೆಂಬುದು ಖಚಿತವಾದದ್ದು 1952ರಲ್ಲಿ. 1956ರಿಂದ ಆಸ್ಪತ್ರೆಗಳಲ್ಲೇ ದಿನ ಕಳೆದು, 1967ರ ಅಕ್ಟೋಬರ್ 3ರಂದು, 55ನೇ ವಯಸ್ಸಿನಲ್ಲಿ ತೀರಿಕೊಂಡರು. ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳೂ ಇದೇ ಕಾಯಿಲೆಗೆ ಬಲಿಯಾದರು.

ವಿಚ್ಛೇದನದ ನಂತರವೂ ಅವರ ಆರೈಕೆಯಲ್ಲಿ ನಿಂತ ಎರಡನೆಯ ಪತ್ನಿ, ನೃತ್ಯಗಾರ್ತಿ ಮಾರ್ಜರಿ, 1967ರಲ್ಲಿ ಇಂಥ ಕುಟುಂಬಗಳನ್ನು ಒಗ್ಗೂಡಿಸಿ ಸಂಸ್ಥೆ ಕಟ್ಟಿದರು. ಸಂಶೋಧನೆಗೆ ಸರ್ಕಾರದ ಬೆಂಬಲ ದೊರಕಿಸಲು ಹೋರಾಡಿದರು. 1993ರಲ್ಲಿ ವಿಜ್ಞಾನಿಗಳು ದೋಷಪೂರಿತ ವಂಶವಾಹಿಯನ್ನು ನಾಲ್ಕನೇ ವರ್ಣತಂತುವಿನಲ್ಲಿ ಪತ್ತೆಹಚ್ಚಿದರು. ಗಥ್ರಿಯವರಿಗೆ ಸಿಗದಿದ್ದ ಉತ್ತರ ಈಗ ರಕ್ತಪರೀಕ್ಷೆಯಲ್ಲಿ ಸಿಗುತ್ತದೆ.

ಆದರೆ ಎಂಥ ಉತ್ತರ? ರೋಗವುಳ್ಳವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ವಂಶವಾಹಿಯ ಒಂದು ಭಾಗ 40 ಅಥವಾ ಹೆಚ್ಚು ಬಾರಿ ಪುನರಾವರ್ತನೆಯಾಗಿದ್ದರೆ ರೋಗ ಬಹುತೇಕ ನಿಶ್ಚಿತ. 36ರಿಂದ 39ರವರೆಗೆ ಇದ್ದರೆ ಬರಬಹುದು, ಬಾರದಿರಬಹುದು. ಯಾವಾಗ ಬರುತ್ತದೆಂದು ಪರೀಕ್ಷೆ ನಿಖರವಾಗಿ ಹೇಳದು. ಗುಣಪಡಿಸುವ ಮದ್ದೂ ಇಲ್ಲ. ಮೊಮ್ಮಗ ಪರೀಕ್ಷೆ ಮಾಡಿಸಿಕೊಂಡು ದೋಷ ಕಂಡುಬಂದರೆ, ತಿಳಿಯಲು ಬಯಸದ ತಂದೆಯ ಭವಿಷ್ಯವೂ ಬಯಲಾಗುತ್ತದೆ. ಅಪಾಯದಲ್ಲಿರುವವರಲ್ಲಿ ಹೆಚ್ಚಿನವರು ಪರೀಕ್ಷೆಯಿಂದ ದೂರವೇ ಉಳಿದಿರುವುದು ಅಜ್ಞಾನದಿಂದಲ್ಲ.

ವಿಮೆಯ ತಳಹದಿಯೇ ನಾಳೆ ಏನಾಗುವುದೋ ಎಂಬ ಎಲ್ಲರ ಅನಿಶ್ಚಿತತೆ. ಒಬ್ಬರ ನಾಳೆ ಮೊದಲೇ ತಿಳಿದರೆ ಅವರನ್ನು ಹೊರಗಿಡುವ ಆಸೆ ಕಂಪನಿಗೆ ಸಹಜ. ಅಮೆರಿಕದ 2008ರ ಕಾಯಿದೆ ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸಿತು, ಜೀವವಿಮೆಯನ್ನು ಹೊರಗಿಟ್ಟಿತು.

ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಮದುವೆ, ಸಂತಾನದ ಯೋಚನೆಯಲ್ಲಿರುವವರಿಗೆ ಅದು ದಾರಿ ತೋರಬಲ್ಲದು. ಆದರೆ ಅದಕ್ಕೆ ಮುನ್ನ ಆಪ್ತಸಮಾಲೋಚನೆ ಬೇಕು, ಫಲಿತಾಂಶ ಗೋಪ್ಯವಾಗಿರಬೇಕು, ಅಪ್ರಾಪ್ತ ಮಕ್ಕಳ ಪರವಾಗಿ ಹಿರಿಯರು ಆತುರಪಡಬಾರದು. ಸರ್ಕಾರದ ಕಡತವನ್ನು ತಿಳಿಯುವ ಹಕ್ಕು ಪ್ರಜೆಗಿದೆ. ತನ್ನ ರಕ್ತದಲ್ಲಿರುವುದನ್ನು ಅರಿಯದೆ ಬಾಳುವ ಹಕ್ಕೂ ಅವನಿಗಿರಬೇಕು.