ಮೀನಿನ ಒಡಲನ್ನು ಶೋಧಿಸಿದ ರುಡಾಲ್ಫಿ

ಮೀನನ್ನು ಹಸನುಮಾಡುವವರು ಅದರ ಕರುಳನ್ನು ತೆಗೆದು ಎಸೆಯುವುದನ್ನು ಮುಂಬಯಿಯ ಪೇಟೆಗಳಲ್ಲಿ ನಾವು ನಿತ್ಯವೂ ಕಾಣುತ್ತೇವೆ. ಹೀಗೆ ಎಸೆಯುವ ಕರುಳಿನಲ್ಲಿಯೇ ಜ್ಞಾನವನ್ನು ಅರಸಿದ ಮಹನೀಯನೊಬ್ಬನ ಕಥೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಬಯಸುತ್ತೇವೆ.

ಕಾರ್ಲ್ ಅಸ್ಮುಂಡ್ ರುಡಾಲ್ಫಿಯು 1771ನೆಯ ಇಸವಿ ಜುಲೈ 14ರಂದು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಜರ್ಮನ್ ಮನೆತನವೊಂದರಲ್ಲಿ ಜನಿಸಿದನು. ನಮ್ಮಲ್ಲಿ ಅನೇಕರಂತೆ ಆತನೂ ಮನೆಮಾತು ಒಂದು, ಊರಮಾತು ಇನ್ನೊಂದು ಆಗಿದ್ದ ನಗರದಲ್ಲಿ ಹುಟ್ಟಿದವನು. ಬಾಲ್ಟಿಕ್ ಕಡಲಿಗೆ ಸಮೀಪವಾದ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಅಧ್ಯಾಪಕನಾದನು.

ಪ್ರಾಣಿಗಳ ಒಡಲಲ್ಲಿ ಬದುಕುವ ಪರೋಪಜೀವಿ ಹುಳುಗಳ ವಿಷಯದಲ್ಲಿ ಆಗ ಇದ್ದ ತಿಳಿವಳಿಕೆ ಅಲ್ಪವಾಗಿತ್ತು. ರುಡಾಲ್ಫಿಯು ಮೀನು, ಹಕ್ಕಿ, ಮೃಗಗಳ ಕರುಳನ್ನು ಬಿಡಿಸಿ, ಸಿಕ್ಕಿದ ಹುಳುವಿನ ಬಾಯಿ, ಕೊಕ್ಕೆ, ಹೀರುಬಟ್ಟಲು ಮುಂತಾದುವನ್ನು ಪರೀಕ್ಷಿಸಿದನು. ಹಿಂದೆ ತಿಳಿದಿದ್ದ ಯಾವ ಹುಳುವಿಗೂ ಹೋಲದಿದ್ದರೆ ಮಾತ್ರ ಅದಕ್ಕೆ ಹೊಸ ಹೆಸರನ್ನಿಟ್ಟು ವರ್ಣಿಸಿದನು. 1802ರಲ್ಲಿ ಆತನು ಹೆಸರಿಸಿದ, ಕಡಲ ಮೀನುಗಳ ಒಂದು ದುಂಡುಹುಳುವನ್ನು ಇಂದು ಹಿಸ್ಟೆರೋಥೈಲೇಸಿಯಂ ಅಡಂಕಂ ಎನ್ನುತ್ತಾರೆ. ಕುಲದ ಹೆಸರು ಬದಲಾಗಿದ್ದರೂ ಆತನಿಟ್ಟ ಎರಡನೆಯ ಹೆಸರು ಉಳಿದುಕೊಂಡಿದೆ.

1808ರಿಂದ 1810ರವರೆಗೆ ಆತನ ಹಿರಿಯ ಗ್ರಂಥವು ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾಯಿತು. ಹಿಂದಿನವರ ಶ್ರಮವನ್ನು ಆಧಾರವಾಗಿರಿಸಿಕೊಂಡು ಹುಳುಗಳನ್ನು ದುಂಡುಹುಳು, ಮುಳ್ಳುತಲೆಯ ಹುಳು, ಹೀರುಹುಳು, ಲಾಡಿಹುಳು, ಚೀಲಹುಳು ಎಂದು ಐದು ವರ್ಗಗಳಾಗಿ ಅದರಲ್ಲಿ ವಿಂಗಡಿಸಿದನು. 1810ರಲ್ಲಿ ಬರ್ಲಿನ್ನಿನ ಹೊಸ ವಿಶ್ವವಿದ್ಯಾಲಯವು ಆತನನ್ನು ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಕರೆಯಿತು. ಆ ಬಳಿಕವೂ ಆತನು ಸುಮ್ಮನೆ ಕುಳಿತುಕೊಳ್ಳಲಿಲ್ಲ. 1817ರಲ್ಲಿ ಇಟಲಿಗೆ ತೆರಳಿ ಅಲ್ಲಿಯ ಕಡಲ ಮೀನುಗಳನ್ನು ಶೋಧಿಸಿದನು. 1819ರಲ್ಲಿ ಇನ್ನೊಂದು ಗ್ರಂಥವನ್ನು ಹೊರತಂದನು.

ಇಷ್ಟು ಬಲ್ಲವನೂ ಒಂದು ಮುಖ್ಯ ವಿಷಯದಲ್ಲಿ ಎಡವಿದನು. ಈ ಹುಳುಗಳು ಹೊರಗಿನಿಂದ ಬಾರದೆ ಪ್ರಾಣಿಯ ದೇಹದಲ್ಲಿಯೇ ತಾವಾಗಿ ಹುಟ್ಟುತ್ತವೆಂದು ಆತನು ನಂಬಿದ್ದನು. ಈ ನಂಬಿಕೆಯನ್ನು ಬಿಡದೆಯೇ 1832ನೆಯ ನವೆಂಬರ್ 29ರಂದು ಬರ್ಲಿನ್ನಿನಲ್ಲಿ ತೀರಿಕೊಂಡನು. ಸುಮಾರು ಇಪ್ಪತ್ತು ವರ್ಷಗಳ ತರುವಾಯ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯನು ಚೀಲಹುಳುಗಳನ್ನು ಪ್ರಾಣಿಗಳಿಗೆ ತಿನ್ನಿಸಿ ನೋಡಿ, ಅವು ಲಾಡಿಹುಳುವಿನ ಎಳೆಯ ರೂಪಗಳೇ ಎಂದು ತೋರಿಸಿದನು. ಒಂದು ಪ್ರಾಣಿಯ ಮಾಂಸದಲ್ಲಿದ್ದ ಹುಳುವು ಅದನ್ನು ತಿಂದ ಇನ್ನೊಂದರ ಕರುಳಿನಲ್ಲಿ ಬೆಳೆಯುತ್ತದೆಂದು ತಿಳಿಯಿತು. ರುಡಾಲ್ಫಿಯ ಐದನೆಯ ವರ್ಗವು ಅಳಿಸಿಹೋಯಿತು.

ಹಾಗಾದರೆ ಆತನ ಶ್ರಮವು ವ್ಯರ್ಥವಾಯಿತೇ? ಇಲ್ಲ. ಯಾವ ಹುಳು ಯಾವುದೆಂದು ಆತನು ಗುರುತಿಸಿಟ್ಟಿದ್ದರಿಂದಲೇ ಒಂದು ಇನ್ನೊಂದಾಗಿ ಬೆಳೆಯುವುದನ್ನು ಮುಂದಿನವರು ಅರಿಯಲು ಸಾಧ್ಯವಾಯಿತು. ಆತನ ಊಹೆ ಅಳಿಯಿತು. ಕಣ್ಣಾರೆ ಕಂಡು ಬರೆದದ್ದು ಉಳಿಯಿತು. ಪ್ರಯೋಗದ ವಹಿಯಲ್ಲಿ ಪುಸ್ತಕದ ಉತ್ತರವನ್ನು ನಕಲುಮಾಡದೆ, ನಾವು ಕಂಡದ್ದನ್ನೇ ಬರೆಯಲು ಈ ಜೀವನವು ನಮಗೆ ಕಲಿಸಲಿ.