ಮುಂಬಯಿಯ ನೆರಳು-ಬೆಳಕಿನಲ್ಲಿ ಗುರುದತ್ತ ಪಡುಕೋಣೆ

‘ಪ್ಯಾಸಾ’ ಮತ್ತು ‘ಕಾಗಜ್ ಕೇ ಫೂಲ್’ ಚಿತ್ರಗಳ ನಿರ್ದೇಶಕ ಗುರುದತ್ತರನ್ನು ಭಾರತೀಯ ಚಿತ್ರರಂಗವು ವಿಷಾದದ ಕವಿಯೆಂದೇ ಗುರುತಿಸುತ್ತ ಬಂದಿದೆ. 2025ರ ಜುಲೈ 9ರಂದು ಅವರು ಜನಿಸಿ ನೂರು ವರ್ಷ ತುಂಬಿದಾಗಲೂ ಎಲ್ಲೆಡೆ ಕೊಂಡಾಡಲ್ಪಟ್ಟದ್ದು ಆ ಎರಡು ಚಿತ್ರಗಳೇ. ಆದರೆ ಈ ನಗರದಲ್ಲಿ ನೆಲೆನಿಂತ ಕನ್ನಡಿಗರಾದ ನಾವು ಅವರ ಇನ್ನೊಂದು ಮುಖವನ್ನೂ ಸ್ಮರಿಸಬೇಕಾಗಿದೆ. ಕೊಲೆ, ಪೊಲೀಸು, ತನಿಖೆ, ತಪ್ಪು ಆರೋಪ ಇವುಗಳ ಸುತ್ತ ಹೆಣೆದ ಮುಂಬಯಿಯ ಕಥೆಗಳಿಂದಲೇ ಅವರು ಮೇಲೆ ಬಂದವರು. ಆ ಕಥೆಗಳನ್ನು ಬರಿಯ ವ್ಯಾಪಾರದ ಸರಕೆಂದು ಬದಿಗೆ ಸರಿಸುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

ಬೆಂಗಳೂರಿನಲ್ಲಿ ಜನಿಸಿದ ಮಗುವಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ. ಬಾಲ್ಯದಲ್ಲಿ ಒದಗಿದ ಅಪಘಾತವೊಂದರ ಬಳಿಕ ಗುರುದತ್ತ ಎಂದು ಬದಲಾಯಿಸಲಾಯಿತು. ತಂದೆ ಶಿವಶಂಕರ ರಾವ್ ಪಡುಕೋಣೆ, ತಾಯಿ ವಾಸಂತಿ. ಚಿತ್ರಾಪುರ ಸಾರಸ್ವತ ಕುಟುಂಬ. ಮನೆಯ ಮಾತು ಕೊಂಕಣಿ, ತಾಯಿ ಬರೆಯುತ್ತಿದ್ದುದು ಕನ್ನಡದಲ್ಲಿ, ಮಗ ಬೆಳೆದದ್ದು ಕಲ್ಕತ್ತೆಯ ಬಂಗಾಳಿಗಳ ನಡುವೆ. ಸಿನಿಮಾ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದ ಬಂಧು ಬಿ. ಬಿ. ಬೆನೆಗಲ್ ಅವರ ಒಡನಾಟವೂ ಅಲ್ಲಿಯೇ ದೊರೆಯಿತು. ಹದಿಹರೆಯದಲ್ಲಿ ಉದಯಶಂಕರರ ಅಲ್ಮೋರಾ ಕಲಾಕೇಂದ್ರವನ್ನು ಸೇರಿ ನೃತ್ಯಾಭ್ಯಾಸ ಮಾಡಿದರು. ಆ ಕೇಂದ್ರ 1944ರಲ್ಲಿ ಮುಚ್ಚಿತು. ಕಲ್ಕತ್ತೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತಾದರೂ ಅದು ಅವರ ಮನಸ್ಸಿಗೆ ಒಗ್ಗಲಿಲ್ಲ.

ಬಳಿಕ ಪುಣೆಯ ಪ್ರಭಾತ್ ಫಿಲ್ಮ್ ಕಂಪೆನಿಯಲ್ಲಿ ಮೂರು ವರ್ಷಗಳ ಒಪ್ಪಂದ. ದೇವ್ ಆನಂದರ ಸ್ನೇಹ ಬೆಳೆದದ್ದು ಅಲ್ಲಿ. ತಮ್ಮಲ್ಲಿ ಯಾರು ಮೊದಲು ಮುಂದೆ ಬಂದರೂ ಇನ್ನೊಬ್ಬರ ಕೈಹಿಡಿಯಬೇಕೆಂದು ಗೆಳೆಯರಿಬ್ಬರೂ ಮಾತು ಕೊಟ್ಟುಕೊಂಡಿದ್ದರು. 1947ರಲ್ಲಿ ಒಪ್ಪಂದ ಮುಗಿದಾಗ ಗುರುದತ್ತರು ಮಾಟುಂಗದಲ್ಲಿದ್ದ ತಂದೆ ತಾಯಿಯರ ಮನೆಗೆ ಬಂದು ಸುಮಾರು ಹತ್ತು ತಿಂಗಳು ನಿರುದ್ಯೋಗಿಯಾಗಿ ಕಳೆದರು. ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮಗಳಿಗೆ ನಾವು ಇಂದಿಗೂ ನಡೆದುಹೋಗುವ ಅದೇ ಮಾಟುಂಗ. ಇಂಗ್ಲಿಷ್ ವಾರಪತ್ರಿಕೆಗೆ ಕಥೆ ಬರೆಯುವುದನ್ನು ಅಭ್ಯಾಸ ಮಾಡಿದ ಆ ದಿನಗಳಲ್ಲೇ ಅವರು ‘ಕಶ್ಮಕಶ್’ ಎಂಬ ಕಥೆಯೊಂದನ್ನು ರಚಿಸಿದರು. ಹತ್ತು ವರ್ಷಗಳ ಅನಂತರ ‘ಪ್ಯಾಸಾ’ ಆದದ್ದು ಅದೇ.

ಮಾತಿಗೆ ತಪ್ಪದ ದೇವ್ ಆನಂದರು ತಮ್ಮ ನವಕೇತನ ಸಂಸ್ಥೆಯ ‘ಬಾಜಿ’ (1951) ಚಿತ್ರವನ್ನು ಗೆಳೆಯನಿಗೆ ಒಪ್ಪಿಸಿದರು. ಕೊಲೆಯ ಆರೋಪ ಹೊತ್ತ ಜೂಜುಗಾರ ನಾಯಕ, ನಿಜವನ್ನು ಹೊರಗೆಳೆಯುವ ಇನ್‌ಸ್ಪೆಕ್ಟರ್: ಇದು ಅದರ ಹಂದರ. ಈ ಚಿತ್ರದ ನಿಮಿತ್ತವಾಗಿ ಗಾಯಕಿ ಗೀತಾ ರಾಯ್ ಅವರ ಪರಿಚಯವಾಗಿ, 1953ರ ಮೇ ತಿಂಗಳಲ್ಲಿ ವಿವಾಹ ನಡೆಯಿತು. ಅದೇ ಚಿತ್ರೀಕರಣದಲ್ಲಿ ಮೈಸೂರಿನ ವಿ. ಕೆ. ಮೂರ್ತಿ ಎಂಬ ತರುಣರು ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕರಾಗಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಈ ನಗರಕ್ಕೆ ಬಂದವರು, ಪಿಟೀಲು ವಾದನದಲ್ಲಿಯೂ ಪರಿಶ್ರಮವಿದ್ದವರು. ಹಾಡೊಂದರ ಚಿತ್ರೀಕರಣದಲ್ಲಿ ಕನ್ನಡಿಯನ್ನು ಒಳಗೊಂಡ ಕ್ಲಿಷ್ಟವಾದ ಕ್ಯಾಮರಾ ಚಲನೆಯನ್ನು ತಾವು ಮಾಡಿ ತೋರಿಸಲು ಅನುಮತಿ ಕೇಳಿದರು, ಮಾಡಿಯೂ ತೋರಿಸಿದರು. ಮುಂದಿನ ಚಿತ್ರದಿಂದ ಮೂರ್ತಿಯವರೇ ಗುರುದತ್ತರ ಕಣ್ಣಾದರು.

ಆ ಕಾಲದಲ್ಲಿ ಅಪರಾಧದ ಕಥೆಗೆ ಜಗತ್ತಿನಾದ್ಯಂತ ಕಿವಿಗಳೂ ಕಣ್ಣುಗಳೂ ತೆರೆದಿದ್ದವು. ಅಮೆರಿಕದಲ್ಲಿ 1952ರಿಂದ ‘ಗನ್‌ಸ್ಮೋಕ್’ ಎಂಬ ಬಾನುಲಿ ನಾಟಕಮಾಲೆ ಪ್ರಸಾರವಾಗುತ್ತಿತ್ತು. ಡಾಡ್ಜ್ ಎಂಬ ಊರಿನ ಮಾರ್ಷಲ್ ಕೊಲೆಗಡುಕರ ಜಾಡು ಹಿಡಿಯುವುದನ್ನು ಕುಟುಂಬಗಳು ರೇಡಿಯೋ ಮುಂದೆ ಕುಳಿತು ಆಲಿಸುತ್ತಿದ್ದವು. ನಮ್ಮಲ್ಲಿ ಆ ಕುತೂಹಲವನ್ನು ತಣಿಸಿದ್ದು ಹೆಚ್ಚಾಗಿ ಸಿನಿಮಾ. ಚಿತ್ರಗೀತೆಗಳಿಗೆ ಆಕಾಶವಾಣಿಯೇ ಕಡಿವಾಣ ಹಾಕಿದ್ದ ಆ ವರ್ಷಗಳಲ್ಲಿ ಪೊಲೀಸ್ ಚಿತ್ರಗಳ ಹಾಡುಗಳೂ ರೇಡಿಯೋ ಸಿಲೋನ್ ಮೂಲಕವೇ ಮನೆಮನೆಗೆ ಬಂದವು.

ಈ ಬಗೆಯ ಚಿತ್ರಗಳಲ್ಲಿ ಶಿಖರಪ್ರಾಯವಾದದ್ದು 1956ರ ‘ಸಿ.ಐ.ಡಿ.’. ಗುರುದತ್ತರು ನಿರ್ಮಾಪಕರು, ನಿರ್ದೇಶನವನ್ನು ತಮ್ಮ ಸಹಾಯಕರಾಗಿದ್ದ ರಾಜ್ ಖೋಸ್ಲಾರಿಗೆ ವಹಿಸಿದರು. ಛಾಯಾಗ್ರಹಣ ಮೂರ್ತಿಯವರದು, ಸಂಗೀತ ಓ. ಪಿ. ನಯ್ಯರ್ ಅವರದು. ಪ್ರಬಲ ವ್ಯಕ್ತಿಯೊಬ್ಬನ ಪಾತಕಗಳನ್ನು ಬಯಲಿಗೆಳೆಯಲು ಹೊರಟ ಪತ್ರಿಕಾ ಸಂಪಾದಕನ ಕೊಲೆಯಾಗುತ್ತದೆ. ತನಿಖೆ ಇನ್‌ಸ್ಪೆಕ್ಟರ್ ಶೇಖರನದು, ಆ ಪಾತ್ರ ದೇವ್ ಆನಂದರದು. ಕೊಲೆಯನ್ನು ಕಣ್ಣಾರೆ ಕಂಡವನು ಒಬ್ಬ ಜೇಬುಗಳ್ಳ. ಸೆರೆಸಿಕ್ಕ ಹಂತಕ ಲಾಕಪ್ಪಿನಲ್ಲಿಯೇ ಸಾಯುತ್ತಾನೆ. ಹೊಡೆದು ಕೊಂದ ಆರೋಪ ಶೇಖರನ ಕೊರಳಿಗೇ ಸುತ್ತಿಕೊಳ್ಳುತ್ತದೆ. ಕಾನೂನಿನ ರಕ್ಷಕನು ಕಾನೂನಿಗೆ ಹೆದರಿ ಇದೇ ನಗರದಲ್ಲಿ ತಲೆಮರೆಸಿಕೊಂಡು ಓಡುತ್ತಾನೆ. ನಿಜವಾದ ಪಾತಕಿಯಾದರೋ ಸಮಾಜದಲ್ಲಿ ಗಣ್ಯನೆನಿಸಿದ ಸಿರಿವಂತ.

ಪಾತ್ರವರ್ಗವೂ ಮುಂಬಯಿಯ ಬೀದಿಗಳಂತೆಯೇ ವೈವಿಧ್ಯಮಯ. ಜೇಬುಗಳ್ಳನಾಗಿ ನಟಿಸಿದ ಜಾನಿ ವಾಕರ್ ಹಿಂದೆ ಇಲ್ಲಿಯ ಬಸ್ ಕಂಡಕ್ಟರ್. ಹಂತಕನ ಪಾತ್ರ, ಮುಂದೆ ನಗಿಸುವುದಕ್ಕೆ ಹೆಸರಾದ ಮೆಹಮೂದರದು! ತೆಲುಗು ಚಿತ್ರದಲ್ಲಿ ಕಾಣಿಸಿಕೊಂಡಿದ್ದ ವಹೀದಾ ರೆಹಮಾನರನ್ನು ಗುರುದತ್ತರು ಹೈದರಾಬಾದಿನಲ್ಲಿ ಗುರುತಿಸಿ ಕರೆತಂದರು. ಅವರ ಮೊದಲ ಹಿಂದಿ ಚಿತ್ರವಿದು. ಹೆಸರು ಬದಲಿಸಿಕೊಳ್ಳಬೇಕೆಂಬ ಸಲಹೆಯನ್ನು ಆ ತರುಣಿ ಒಪ್ಪಲಿಲ್ಲ. ಕುದುರೆಗಾಡಿಯಲ್ಲಿ ಸಾಗುತ್ತ ಈ ನಗರದ ಬದುಕಿನ ಕಷ್ಟವನ್ನು ನಗುನಗುತ್ತ ಹೇಳುವ ಜಾನಿ ವಾಕರರ ಹಾಡಂತೂ ಇಂದಿಗೂ ಹಳತಾಗಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣಿಸಿದ ಯಾರಿಗೂ ಅದರ ಅರ್ಥ ವಿವರಿಸಬೇಕಾಗಿಲ್ಲ.

‘ಸಿ.ಐ.ಡಿ.’ ಭರ್ಜರಿ ಯಶಸ್ಸು ಗಳಿಸಿತು. ಮಾರುಕಟ್ಟೆ ಬಯಸಿದ್ದನ್ನು ಕೊಟ್ಟವರಿಗೆ ತಾವು ಬಯಸಿದ್ದನ್ನು ಮಾಡುವ ಧೈರ್ಯ ಬಂದಿತು. ಮರುವರ್ಷವೇ ತೆರೆಕಂಡ ‘ಪ್ಯಾಸಾ’ದಲ್ಲಿ, ಸತ್ತನೆಂದು ಜಗತ್ತು ನಂಬಿದ ಕವಿ ತನ್ನದೇ ಸ್ಮರಣಸಭೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಓಡುವ ಶೇಖರನನ್ನೂ ಬಾಗಿಲಲ್ಲಿ ನಿಂತ ವಿಜಯನನ್ನೂ ಜೊತೆಗಿಟ್ಟು ನೋಡಿದರೆ ಅವರಿಬ್ಬರೂ ಒಂದೇ ಮನೆಯವರೆಂದು ನಮಗೆ ತೋರುತ್ತದೆ. ಇಬ್ಬರ ಮಾತನ್ನೂ ಊರು ನಂಬುವುದಿಲ್ಲ. ಇಬ್ಬರ ಎದುರೂ ನಿಂತಿರುವವರು ಗಣ್ಯರು.

1959ರಲ್ಲಿ ಬಂದ ‘ಕಾಗಜ್ ಕೇ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಸ್ಟುಡಿಯೋದ ಕತ್ತಲಲ್ಲಿ ಇಳಿದುಬರುವ ಬೆಳಕಿನ ಕೋಲನ್ನು ಮೂರ್ತಿಯವರು ದೀಪಗಳಿಂದಲ್ಲ, ದೊಡ್ಡ ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಒಳಕ್ಕೆ ತಿರುಗಿಸಿ ಸೃಷ್ಟಿಸಿದರು. ಆ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು. ಪ್ರೇಕ್ಷಕರು ಮಾತ್ರ ಬರಲಿಲ್ಲ. ಆ ಸೋಲಿನ ತರುವಾಯ ಗುರುದತ್ತರು ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1960ರ ‘ಚೌದವೀಂ ಕಾ ಚಾಂದ್’ ನಷ್ಟವನ್ನು ತುಂಬಿಕೊಟ್ಟಿತಾದರೂ ನಿರ್ದೇಶಕನ ಕುರ್ಚಿಗೆ ಅವರು ಹಿಂದಿರುಗಲಿಲ್ಲ.

ಅವರು ನಿರ್ಮಿಸಿ ನಟಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಅಬ್ರಾರ್ ಅಲ್ವಿಯವರ ನಿರ್ದೇಶನದ್ದು, ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿದ್ದು. ಪಾಳುಬಿದ್ದ ಹವೇಲಿಯನ್ನು ಕೆಡವುವಾಗ ಮಣ್ಣಿನಡಿ ಒಂದು ಅಸ್ಥಿಪಂಜರ ಸಿಗುತ್ತದೆ, ಕೈಯಲ್ಲಿ ಬಳೆ. ಅದು ಆ ಮನೆಯ ಕಿರಿಯ ಸೊಸೆಯದು. ಇಲ್ಲಿಯೂ ಕೊಲೆಯೇ ನಡೆದಿದೆ. ಆದರೆ ಇನ್‌ಸ್ಪೆಕ್ಟರ್ ಇಲ್ಲ, ತನಿಖೆ ಇಲ್ಲ, ಕಟಕಟೆಯೂ ಇಲ್ಲ. ‘ಸಿ.ಐ.ಡಿ.’ಯಲ್ಲಿ ಎರಡೂವರೆ ಗಂಟೆಯೊಳಗೆ ಸಿಕ್ಕಿದ ನ್ಯಾಯ ಆರು ವರ್ಷಗಳ ಬಳಿಕ ಅವರ ಕಥಾಲೋಕದಿಂದ ಮಾಯವಾಗಿತ್ತೆಂಬುದನ್ನು ವಿಮರ್ಶಕರು ಅಷ್ಟಾಗಿ ಲಕ್ಷಿಸಿದಂತಿಲ್ಲ.

ಅಷ್ಟರಲ್ಲಿ ಸಂಸಾರವೂ ಒಡೆದಿತ್ತು. ಪಾಲಿ ಹಿಲ್ಲಿನ ಬಂಗಲೆಯನ್ನು ಅವರು ತಾವೇ ಕೆಡವಿಸಿದ್ದರು. 1964ರ ಅಕ್ಟೋಬರ್ 10ರ ಬೆಳಗ್ಗೆ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಅವರು ನಿರ್ಜೀವರಾಗಿ ಕಂಡುಬಂದರು. ಮದ್ಯ ಮತ್ತು ನಿದ್ರೆಯ ಮಾತ್ರೆಗಳು ಬೆರೆತದ್ದು ಮರಣಕ್ಕೆ ಕಾರಣವಾಯಿತು. ಅದು ಆಕಸ್ಮಿಕವೋ ಅಲ್ಲವೋ ಎಂಬ ಪ್ರಶ್ನೆ ಅಂದಿನಿಂದಲೂ ಉಳಿದಿದೆ. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

ಮೂರ್ತಿಯವರು ದೀರ್ಘಾಯುಗಳಾದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರೆನಿಸಿ, 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ತಾಯಿ ವಾಸಂತಿ ಪಡುಕೋಣೆಯವರು ಮಗನ ಬದುಕನ್ನು ಗ್ರಂಥರೂಪದಲ್ಲಿ ಬರೆದಿಟ್ಟರು. ಕಲ್ಕತ್ತೆಯಲ್ಲಿ ಬೆಳೆದು, ಹಿಂದಿಯಲ್ಲಿ ಚಿತ್ರ ಮಾಡಿ, ಮುಂಬಯಿಯಲ್ಲಿ ತೀರಿಕೊಂಡ ಆ ಮಗನ ಕಥೆಯನ್ನು ಆ ತಾಯಿ ಬರೆದದ್ದು ಕನ್ನಡದಲ್ಲಿ.